ಪದಚರ್ಚೆ: ‘ಆದಾಯ ಕೊರತೆ’ಯೋ ‘ರಾಜಸ್ವ ಕೊರತೆ’ಯೋ? ಫಲಕಕ್ಕೆ ಇವತ್ತೇ ಬೇಕು

ತುಮಕೂರಿನಿಂದ, ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ. ಗುಬ್ಬಿ ತಾಲ್ಲೂಕಿನ ಒಂದು ಪಂಚಾಯಿತಿಯ ಅರಿವು ಕೇಂದ್ರಕ್ಕೆ ರಾಜ್ಯ ಬಜೆಟ್ ಬಗ್ಗೆ ಆರಡಿ ಅಗಲದ ಫಲಕ ಬರೆದುಕೊಡುತ್ತಿದ್ದೇನೆ. ಬಿ.ಎಚ್. ರಸ್ತೆಯ ಫ್ಲೆಕ್ಸ್ ಅಂಗಡಿಯವರಿಗೆ ಸಂಜೆ ಐದರೊಳಗೆ ಮ್ಯಾಟರ್ ಬೇಕಂತೆ.

2025-26ರ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ರೆವಿನ್ಯೂ ಡೆಫಿಸಿಟ್ (ದಿನನಿತ್ಯದ ಖರ್ಚು ವರಮಾನವನ್ನು ದಾಟಿದ ಮೊತ್ತ) 19,262 ಕೋಟಿ, ಫಿಸ್ಕಲ್ ಡೆಫಿಸಿಟ್ (ಅದರ ಜೊತೆಗೆ ರಸ್ತೆ, ಕಟ್ಟಡದಂಥವಕ್ಕೆ ಕಮ್ಮಿ ಬಿದ್ದದ್ದೂ ಸೇರಿ) 90,428 ಕೋಟಿ. ಎರಡನೆಯದಕ್ಕೆ ‘ವಿತ್ತೀಯ ಕೊರತೆ’ ಎಂದು ಹಾಕಿದ್ದೇನೆ. ಮೊದಲನೆಯದಕ್ಕೆ ಪತ್ರಿಕೆಗಳಲ್ಲಿ ‘ಆದಾಯ ಕೊರತೆ’ ಇದೆ, ಸರ್ಕಾರಿ ಕಾಗದದಲ್ಲಿ ‘ರಾಜಸ್ವ ಕೊರತೆ’. ‘ಆದಾಯ ಕೊರತೆ’ ಎಂದಿದ್ದ ಕರಡನ್ನು ಅಲ್ಲಿನ ಗ್ರಂಥಪಾಲಕಿಗೆ ತೋರಿಸಿದೆ. ಅವರು ಬೆರಳಿಟ್ಟು ಓದಿ, “ಈ ವರ್ಷ ಸರ್ಕಾರಕ್ಕೆ ವರಮಾನ ಕಮ್ಮಿ ಬಂತಾ ಮೇಡಂ?” ಅಂದರು. ಅದಲ್ಲವಲ್ಲ ಅರ್ಥ! ಏನು ಬರೆಯಲಿ?

ತಿಪಟೂರಿನಿಂದ, 9:32

ರಾಜಸ್ವ ಕೊರತೆ. ಬಜೆಟ್ ಭಾಷಣದಲ್ಲಿ ಇರುವುದು ಅದೇ. ಚರ್ಚೆ ಯಾಕೆ?

ಚಿಂತಾಮಣಿಯಿಂದ, 10:05

ಚರ್ಚೆ ಯಾಕೆಂದರೆ ರಾಜ ಹೋಗಿ ಎಷ್ಟೋ ಕಾಲವಾಯಿತು, ಅವನ ‘ಸ್ವ’ (ಸೊತ್ತು) ಮಾತ್ರ ನಮ್ಮ ತಲೆಯ ಮೇಲೆ ಉಳಿದಿದೆ. ಈ ಎರಡು ಪದದಲ್ಲಿ ನಮ್ಮದು ‘ಕೊರತೆ’ ಒಂದೇ. ಹಳಗನ್ನಡದಲ್ಲಿ ಅದಕ್ಕೆ ಶಕಟರೇಫ (ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರ), ಕೊಱತೆ. ತಮಿಳಿನ ಕುಱೈ ಇದರ ಒಡಹುಟ್ಟು. ಇಂಥ ಬೇರಿಗೆ ‘ರಾಜಸ್ವ’ ಕಸಿ ಮಾಡುವುದು ಬೇಡ.

ನನ್ನ ಸಲಹೆ: ಮೊದಲನೆಯದಕ್ಕೆ ‘ಬೊಕ್ಕಸದ ಕೊರತೆ’, ಎರಡನೆಯದಕ್ಕೆ ‘ವರ್ಷದ ಸಾಲ’. ‘ಸಾಲ’ ಎಂಬ ಮಾತೇ ‘ಸಾಲದು’ ಎಂಬುದರಿಂದ ಹುಟ್ಟಿದ್ದು. ಕೈಲಿದ್ದದ್ದು ಸಾಲದೆ ತಂದದ್ದು ಸಾಲ. ಇದಕ್ಕಿಂತ ಒಳ್ಳೆಯ ಪದ ಎಲ್ಲಿ ಸಿಗುತ್ತದೆ?

ಮುಳಬಾಗಿಲಿನಿಂದ, 10:21

‘ಸಾಲದು’ ಇಂದ ‘ಸಾಲ’ ಎನ್ನುವುದು ಕಿವಿಗೆ ಚೆನ್ನಾಗಿದೆ. ಆಧಾರ?

ನಮ್ಮ ಕಡೆ ತೆಲುಗು ಮನೆಗಳಲ್ಲಿ ಕೊರತೆಗೆ ‘ಲೋಟು’ ಅನ್ನುತ್ತಾರೆ. ತೆಲುಗು ಪತ್ರಿಕೆಗಳಿಗೆ ಫಿಸ್ಕಲ್ ಡೆಫಿಸಿಟ್ ‘ದ್ರವ್ಯ ಲೋಟು’. ಆಡುಮಾತನ್ನು ಅಂಕಿ-ಅಂಶಕ್ಕೆ ಕೂರಿಸಲು ಅವರು ಹೆದರಲಿಲ್ಲ.

ಮೇಡಂ, ಊರಿನವರಿಗೆ ತಿಳಿಯಬೇಕಾದರೆ ಯುಗಾದಿ ಪಂಚಾಂಗದಿಂದ ಶುರು ಮಾಡಿ. ನಿಮ್ಮ ರಾಶಿಗೆ ಆಯ 5, ವ್ಯಯ 11 ಎಂದು ಓದಿದರೆ ಅರ್ಥವಾಗದವರಿಲ್ಲ. ನಡುವಿನ ಆರಕ್ಕೆ ಮಾತ್ರ ಪಂಚಾಂಗ ಹೆಸರಿಟ್ಟಿಲ್ಲ.

ತಿಪಟೂರಿನಿಂದ, 12:48

ಬೆಳಿಗ್ಗೆ ಒಂದೇ ಮಾತಿನಲ್ಲಿ ಮುಗಿಸಿದ್ದು ನನ್ನ ತಪ್ಪು. ಗ್ರಂಥಪಾಲಕಿಯವರ ಪ್ರಶ್ನೆ ಊಟದವರೆಗೂ ತಲೆಯಲ್ಲೇ ಇತ್ತು.

‘ಕೊರತೆ’ಯ ಮುಂಚೆ ಯಾವ ನಾಮಪದ ಬರುತ್ತದೋ ಅದೇ ಸಾಲದು ಎಂದು ಕನ್ನಡದ ಕಿವಿ ಹಿಡಿಯುತ್ತದೆ. ನೀರಿನ ಕೊರತೆ, ಗೊಬ್ಬರದ ಕೊರತೆ, ಶಿಕ್ಷಕರ ಕೊರತೆ. ಹಾಗಾಗಿ ‘ಆದಾಯ ಕೊರತೆ’ಯನ್ನು ಆ ತಾಯಿ ಓದಿದ್ದು ಸರಿಯಾದ ಕನ್ನಡ, ತಪ್ಪು ಪದ ಕಟ್ಟಿದವರದು. ಆ ವರ್ಷದ ಅಂದಾಜು ನೋಡಿ: ರಾಜಸ್ವ ಜಮೆ 2,92,477 ಕೋಟಿ, ರಾಜಸ್ವ ವೆಚ್ಚ 3,11,739 ಕೋಟಿ. ಜಮೆ ಹಿಂದಿನ ವರ್ಷದ ಅಂದಾಜಿಗಿಂತ ಹೆಚ್ಚೇ ಇದೆ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ, ಗ್ಯಾರಂಟಿ ಎಲ್ಲ ಸೇರಿ ಅದನ್ನು ದಾಟಿವೆ. ‘ವಿತ್ತೀಯ’ದಲ್ಲಿ ‘ಈಯ’ ಪ್ರತ್ಯಯ ಇರುವುದರಿಂದ ‘ವಿತ್ತಕ್ಕೆ ಸಂಬಂಧಪಟ್ಟ’ ಎಂದಾಗಿ ಅದು ಉಳಿದುಕೊಳ್ಳುತ್ತದೆ. ‘ರಾಜಸ್ವ’ಕ್ಕೆ ಆ ಆಸರೆ ಇಲ್ಲ. ಆದ್ದರಿಂದ ನಡುವೆ ಒಂದು ಪದ ಸೇರಿಸಿ: ರಾಜಸ್ವ ಖಾತೆಯ ಕೊರತೆ. ಕೊರತೆ ಬಿದ್ದದ್ದು ಯಾವ ಖಾತೆಯಲ್ಲಿ ಎಂದು ಗೊತ್ತಾದರೆ ವರಮಾನ ಕಮ್ಮಿ ಎಂಬ ಭ್ರಮೆ ಹೋಗುತ್ತದೆ.

ನಾನು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದವನು. ಕೊಬ್ಬರಿ ಮಾರಿದ ದುಡ್ಡು ಮನೆಖರ್ಚಿಗೆ, ಕಾಯಿ ಕೀಳುವ ಕೂಲಿಗೆ, ಹಳೇ ಸಾಲದ ಬಡ್ಡಿಗೆ ಆಗಿಬರದೆ ರೈತ ಮಂಡಿಯಲ್ಲಿ ಮುಂಗಡ ಕೇಳಿದರೆ ಅದು ರಾಜಸ್ವ ಖಾತೆಯ ಕೊರತೆ. ಅದರ ಜೊತೆಗೆ ಬೋರ್ ಕೊರೆಸಲು, ಸಸಿ ಇಡಲು ತೆಗೆದುಕೊಂಡದ್ದೂ ಸೇರಿದರೆ ವಿತ್ತೀಯ ಕೊರತೆ. ಎರಡಕ್ಕೂ ಹೆಬ್ಬೆಟ್ಟು ಒಂದೇ ಪುಸ್ತಕದಲ್ಲಿ. ಆದರೆ ಬೋರಿನ ಸಾಲ ಕೇಳುವವನ ಮುಖವೇ ಬೇರೆ, ಬಡ್ಡಿ ಕಟ್ಟಲು ಸಾಲ ಕೇಳುವವನ ಮುಖವೇ ಬೇರೆ. ಈ ಎರಡು ಅಂಕಿಗಳನ್ನು ಬೇರೆ ಬೇರೆ ಬರೆಯುವುದು ಅದಕ್ಕೇ. ಫಲಕದಲ್ಲಿ ಅದು ಕಾಣದಿದ್ದರೆ ಬರೆದೂ ಪ್ರಯೋಜನವಿಲ್ಲ.

ಚಿಂತಾಮಣಿಯವರ ‘ವರ್ಷದ ಸಾಲ’ ಲೆಕ್ಕಕ್ಕೆ ನಿಲ್ಲುವುದಿಲ್ಲ. ಆ ವರ್ಷ ಎತ್ತಲು ಅಂದಾಜಿಸಿದ ಸಾಲ ಸುಮಾರು 1,16,000 ಕೋಟಿ. ಅದರಲ್ಲಿ 26,474 ಕೋಟಿ ಹಳೇ ಸಾಲದ ಅಸಲು ತೀರಿಸಲಿಕ್ಕೆ. ಅಸಲಿನ ತೀರುವಳಿಯನ್ನು ಕೊರತೆಗೆ ಸೇರಿಸುವುದಿಲ್ಲ. ಸಾಲವೂ ಕೊರತೆಯೂ ಒಂದೇ ಆದರೆ ಅಂಕಿಯೂ ಒಂದೇ ಇರಬೇಕಿತ್ತು.

ಚಿಂತಾಮಣಿಯಿಂದ, 1:15

ಸಾಲದ ವಿಷಯ ಒಪ್ಪಿದೆ. ಆದರೆ ‘ಖಾತೆ’? ಒಂದು ಎರವಲಿನ ಪಕ್ಕ ಇನ್ನೊಂದು ಎರವಲು. ತೆರಿಗೆ, ಸುಂಕ ಎಂದು ಅಚ್ಚಗನ್ನಡದಲ್ಲಿ ವಸೂಲಿ ಮಾಡಿದ ನಾಡು ಲೆಕ್ಕ ಹೇಳುವಾಗ ಮಾತ್ರ ಪರರ ಬಾಯಲ್ಲಿ ಹೇಳಬೇಕೆ?

ಮುಳಬಾಗಿಲಿನಿಂದ, 1:22

ಸುಂಕ ಸಂಸ್ಕೃತ ‘ಶುಲ್ಕ’ದ ತದ್ಭವ. ಬಡ್ಡಿ ‘ವೃದ್ಧಿ’ಯದು. ‘ವಸೂಲಿ’ ಅರಬಿಯಿಂದ ಬಂದದ್ದು, ಅದನ್ನು ನೀವೇ ಈಗ ಬರೆದಿದ್ದೀರಿ. ಅಸಲು, ಬಾಕಿ, ಜಮೆ, ಖರ್ಚು ಇವನ್ನೆಲ್ಲ ಹೊರಗೆ ಹಾಕಿ ಒಂದು ಜಮಾಬಂದಿ ಸಭೆ ನಡೆಸಿ ತೋರಿಸಿ ಸ್ವಾಮಿ.

ಚಿಂತಾಮಣಿಯಿಂದ, 1:40

ಸುಂಕದಲ್ಲಿ ಸೋತೆ, ತೆರಿಗೆಯಲ್ಲಿ ಸೋತಿಲ್ಲ. ‘ತೆರು’ ಧಾತು ನಮ್ಮದು. ಹಳೆಯ ಎರವಲುಗಳು ಜನರ ಬಾಯಲ್ಲಿ ಸವೆದು ಕನ್ನಡವಾದವು, ಅದಕ್ಕೆ ನನ್ನ ತಕರಾರಿಲ್ಲ. ‘ರಾಜಸ್ವ’ ಯಾರ ಬಾಯಲ್ಲೂ ಸವೆದಿಲ್ಲ, ಕಡತದಿಂದ ಕಡತಕ್ಕೆ ಹೋಗುತ್ತಿದೆ ಅಷ್ಟೆ. ನನ್ನ ಸಿಟ್ಟು ಅದರ ಮೇಲೆ.

ತಿಪಟೂರಿನಿಂದ, 2:03

ಅದು ನ್ಯಾಯವಾದ ಸಿಟ್ಟು. ಆದರೂ ಫಲಕ ಓದಿದ ಹುಡುಗ ನಾಳೆ ಬಜೆಟ್ ಪುಸ್ತಕ ತೆರೆದಾಗ ಅದೇ ಪದ ಸಿಗಬೇಕು. ನಾವು ಬೇರೆ ಪದ ಕೊಟ್ಟರೆ ಅವನಿಗೆ ದಾರಿ ತಪ್ಪುತ್ತದೆ.

ತುಮಕೂರಿನಿಂದ, ಸಂಜೆ 4:50

ಮ್ಯಾಟರ್ ಕೊಟ್ಟು ಬಂದೆ. ಅಂಗಡಿಯ ಹಳೇ ಫಾಂಟಿನಲ್ಲಿ ‘ರಾಜಸ್ವ’ದ ವ-ಒತ್ತು ಕಳಚಿಕೊಂಡು ಪಕ್ಕಕ್ಕೆ ಕೂತಿತ್ತು, ಎರಡು ಸಲ ಸರಿಮಾಡಿಸಿದೆ.

ಫಲಕದಲ್ಲಿ ಹೀಗಿದೆ: “ರಾಜಸ್ವ ಖಾತೆಯ ಕೊರತೆ, 19,262 ಕೋಟಿ: ದಿನನಿತ್ಯದ ಖರ್ಚಿಗೇ ಸಾಲದೆ ಬಂದದ್ದು. ವಿತ್ತೀಯ ಕೊರತೆ, 90,428 ಕೋಟಿ: ಅದರ ಜೊತೆಗೆ ರಸ್ತೆ, ನೀರಾವರಿ, ಕಟ್ಟಡಗಳಿಗೆ ಬೇಕಾದದ್ದೂ ಸೇರಿ.” ‘ಸಾಲದೆ ಬಂದದ್ದು’ ಚಿಂತಾಮಣಿ ಸಾರ್ ಅವರದು. ಮೇಲುಗಡೆ ಪಂಚಾಂಗದ ಆಯ-ವ್ಯಯ. ಕೆಳಗೆ ಕಾನೂನಿನ ಮಿತಿ: ರಾಜ್ಯದ ಒಟ್ಟು ಉತ್ಪನ್ನದಲ್ಲಿ ವಿತ್ತೀಯ ಕೊರತೆ ಶೇ 3 ದಾಟಬಾರದು, ಅಂದಾಜು ಶೇ 2.95, ಒಟ್ಟು ಹೊಣೆ (ತೀರಿಸಬೇಕಾದ ಸಾಲ-ಬಾಕಿಯೆಲ್ಲ) ಶೇ 25 ದಾಟಬಾರದು, ಅಂದಾಜು ಶೇ 24.91. ಗ್ರಂಥಪಾಲಕಿಗೆ ಫೋನಿನಲ್ಲಿ ಓದಿದೆ. ಈ ಸಲ ಅವರು ಕೇಳಿದ್ದು, “ದಿನನಿತ್ಯದ ಖರ್ಚಿಗೂ ಸಾಲಾನಾ?”

ಎರಡನೇ ಫಲಕ ಕೇಂದ್ರ ತೆರಿಗೆಯಲ್ಲಿ ನಮ್ಮ ಪಾಲಿನ ಬಗ್ಗೆ. 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ಡೆವಲ್ಯೂಷನ್ ಎಂಬುದಕ್ಕೆ ‘ತೆರಿಗೆ ಹಂಚಿಕೆ’ ಸಾಕೋ, ‘ತೆರಿಗೆ ಪಾಲು’ ಅನ್ನಬೇಕೋ? ಅದು ಸೋಮವಾರ ಬೇಕು.