ಪಿಸ್ತೂಲಿನ ಗುಂಡು ಹಾರಿಸುವ ರೈಫಲ್ ಕೊಡಗಿನಲ್ಲಿ ತಗೊಳ್ಳಬಹುದಾ? ಕೋವಿ ಪ್ರಶ್ನೋತ್ತರ

ಈ ವಾರ ಉತ್ತರ ಕೊಡುತ್ತಿರುವವರು ನಮ್ಮ ಗುಂಪಿನ ಹಿರಿಯ ಸದಸ್ಯರು. ಸೇನೆಯಲ್ಲಿ 22 ವರ್ಷ ಆರ್ಮರರ್ (ಕೋವಿ ದುರಸ್ತಿ ಮಾಡುವವರು) ಆಗಿದ್ದರು. ಈಗ ವಿರಾಜಪೇಟೆ ಕಡೆ ಹುಡುಗರಿಗೆ ಶೂಟಿಂಗ್ ಹೇಳಿಕೊಡುತ್ತಾರೆ.

ಪ್ರಶ್ನೆ (ಗೋಣಿಕೊಪ್ಪದ ಸದಸ್ಯ): ಸರ್, ನಾನು ಕೊಡವ, ವಯಸ್ಸು 34. ಮನೆಯಲ್ಲಿ ಅಪ್ಪನ ಜೋಡಿ ನಳಿಗೆಯ 12 ಬೋರ್ ಇದೆ. ಕೈಲ್ ಪೊಳ್ದ್‌ಗೆ (ನಮ್ಮ ಆಯುಧ ಪೂಜೆಯ ಹಬ್ಬ) ತೋಕ್‌ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುತ್ತೇವೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಒಯ್ಯುತ್ತೇವೆ, ಅಷ್ಟೇ. ಹತ್ತು ಗುಂಡು ಹಾರಿಸಿದರೆ ಮಾರನೇ ದಿನ ಭುಜ ಎತ್ತಲು ಆಗುವುದಿಲ್ಲ. ಹೋದ ವರ್ಷ ಅಮೆರಿಕದಲ್ಲಿರುವ ಕಸಿನ್ ಒಂದು ರೇಂಜಿಗೆ ಕರೆದುಕೊಂಡು ಹೋದ. ಅವನ ಹತ್ತಿರ ರುಗರ್ 9 ಎಂಎಂ ಕಾರ್ಬೈನ್ ಇದೆ. ಪಿಸ್ತೂಲಿಗೆ ಹಾಕುವ ತೋಟೆಯೇ, ಆದರೆ ಉದ್ದ ನಳಿಗೆಯ ರೈಫಲ್. ನೂರು ಗುಂಡು ಹಾರಿಸಿದೆ, ಭುಜಕ್ಕೆ ಏನೂ ಅನ್ನಿಸಲಿಲ್ಲ, ಗುರಿಯೂ ಚೆನ್ನಾಗಿ ಬಿತ್ತು. ಇಲ್ಲಿ ಅಂಥದ್ದು ಯಾವ ಮಾಡೆಲ್ ತಗೊಳ್ಳಲಿ? ನಮಗೆ ಹೇಗೂ ಲೈಸೆನ್ಸ್ ಬೇಡ ಅಲ್ವಾ?

ಉತ್ತರ: ಯಾವ ಮಾಡೆಲ್ಲೂ ಬೇಡ, ಮಾರಾಯರೇ. ಅದು ನಿಮಗೆ ಸಿಗುವುದಿಲ್ಲ. ಯಾರಾದರೂ ಕೊಡಿಸುತ್ತೇನೆ ಎಂದರೆ ಅಲ್ಲಿಂದ ಎದ್ದು ಬನ್ನಿ.

2016ರ ಆಯುಧ ನಿಯಮಗಳ ಪಟ್ಟಿ ತೆಗೆದು ನೋಡಿ. ಸೇನೆಯ 9 ಎಂಎಂ ತೋಟೆ ಅಥವಾ .45 ರಿಮ್‌ಲೆಸ್ ತೋಟೆ ಕೂರುವ ಪಿಸ್ತೂಲು, ರಿವಾಲ್ವರ್, ಕಾರ್ಬೈನ್ ಎಲ್ಲವೂ ನಿಷೇಧಿತ ಬೋರ್, ಅಂದರೆ ಜನಸಾಮಾನ್ಯರಿಗೆ ನಿಷೇಧಿಸಿದ ನಳಿಗೆ ಅಳತೆಯವು. ಕಾರ್ಬೈನ್ ಎಂಬ ಪದವನ್ನೇ ಅಲ್ಲಿ ಬರೆದಿದ್ದಾರೆ. .380 ಮತ್ತು .455 ಕೂಡ ಅದೇ ಸಾಲಿನಲ್ಲಿವೆ. ಇದರ ಮೇಲೆ ಸೆಮಿ ಆಟೋಮ್ಯಾಟಿಕ್ (ಪ್ರತಿ ಗುಂಡಿನ ನಂತರ ಮುಂದಿನ ತೋಟೆ ತಾನೇ ತುಂಬಿಕೊಳ್ಳುವುದು) ಎಂಬುದೂ ಇನ್ನೊಂದು ತೊಡಕು.

ಇನ್ನು ನಮ್ಮ ವಿನಾಯಿತಿ. ಅದು 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಿಂದ ಬಂದದ್ದು. ಈಗಿರುವುದು 1959ರ ಆಯುಧ ಕಾಯ್ದೆಯ 41ನೇ ಸೆಕ್ಷನ್ ಅಡಿ ಕೇಂದ್ರ ಸರ್ಕಾರ ಕೊಟ್ಟದ್ದು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಕೊಡಗಿನ ಹಳೆಯ ವಂಶಪಾರಂಪರ್ಯ ಜಮೀನಿನವರಿಗೆ) 2029ರ ಅಕ್ಟೋಬರ್ 31ರವರೆಗೆ ಇದೆ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆದರೆ ಅದು ಲೈಸೆನ್ಸ್ ತೆಗೆದುಕೊಳ್ಳುವುದರಿಂದ ವಿನಾಯಿತಿ, ಅಷ್ಟೇ. ನಿಷೇಧಿತ ಆಯುಧದ ವಿಷಯ 7ನೇ ಸೆಕ್ಷನ್‌ನಲ್ಲಿದೆ, ಅಲ್ಲಿ ನಮ್ಮ ವಿನಾಯಿತಿ ಪತ್ರ ನಡೆಯುವುದಿಲ್ಲ. 'ನಾವು ಕೊಡವರು, ನಮಗೇನು' ಎಂದುಕೊಂಡು ಸಿಕ್ಕಿಬೀಳಬೇಡಿ. ಕಸಿನ್ ಬರುವಾಗ ತರಲಿ ಎಂಬ ಯೋಚನೆ ಇದ್ದರೆ ಅದನ್ನೂ ಬಿಡಿ. ಹೊರಗಿನಿಂದ ಕೋವಿ ತರಿಸುವ ಅವಕಾಶ ಸದ್ಯಕ್ಕೆ ದೊಡ್ಡ ಮಟ್ಟದ ಸ್ಪರ್ಧೆಯ ಶೂಟರ್‌ಗಳಿಗೆ ಬಿಟ್ಟರೆ ನಮ್ಮಂಥವರಿಗಿಲ್ಲ.

ಈಗ ನಿಮ್ಮ ಭುಜದ ವಿಷಯಕ್ಕೆ ಬರುತ್ತೇನೆ. ನಾನು 9 ಎಂಎಂ ಕಾರ್ಬೈನ್‌ಗಳ ಜೊತೆ ಅರ್ಧ ಆಯಸ್ಸು ಕಳೆದವನು. ಕಾನ್ಪುರದ ಕಾರ್ಖಾನೆಯ 1ಎ, ಅಂದರೆ ಬ್ರಿಟಿಷರ ಸ್ಟರ್ಲಿಂಗ್‌ನ ನಮ್ಮ ರೂಪ. ಎಷ್ಟು ಬಿಚ್ಚಿ ಜೋಡಿಸಿದ್ದೇನೋ ಲೆಕ್ಕವಿಲ್ಲ. ಅಂಥ ಕೋವಿಗಳಲ್ಲಿ ಬೋಲ್ಟಿಗೆ (ತೋಟೆಯ ಹಿಂದೆ ಮುಚ್ಚುವ ಲೋಹದ ತುಂಡು) ಬೀಗ ಇರುವುದಿಲ್ಲ. ಗುಂಡು ನಳಿಗೆ ಬಿಡುವ ತನಕ ತೋಟೆಯನ್ನು ತಡೆದಿಡುವುದು ಬೋಲ್ಟಿನ ತೂಕ ಮತ್ತು ಸ್ಪ್ರಿಂಗ್ ಮಾತ್ರ. ಅದಕ್ಕೇ ಬೋಲ್ಟ್ ದಪ್ಪ, ಭಾರ. ಆ ಭಾರ ಹಿಂದೆ ಬಂದು ಬಡಿಯುವುದು ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ನಿಮ್ಮ ಕಸಿನ್‌ನ ರುಗರ್ ಕೂಡ ಇದೇ ಥರದ್ದು, ಬ್ಲೋಬ್ಯಾಕೇ. 12 ಬೋರ್ ಒದೆತ ತಿಂದ ಭುಜಕ್ಕೆ ಅದು ಹೂವಿನಂತೆ ಅನ್ನಿಸಿದೆ, ಅಷ್ಟೇ.

ನಿಮಗೆ ಬೇಕಾದದ್ದು ಮೂರು: ಒದೆಯಬಾರದು, ತೋಟೆಗೆ ಜಾಸ್ತಿ ಖರ್ಚಾಗಬಾರದು, ಐವತ್ತು ಮೀಟರಿನಲ್ಲಿ ಇಟ್ಟ ಕಡೆ ಬೀಳಬೇಕು. ಈ ಮೂರನ್ನೂ ಪಿಸ್ತೂಲು ಗುಂಡಿನ ರೈಫಲ್‌ಗಿಂತ ಚೆನ್ನಾಗಿ ಮಾಡುವುದು .22, ಅಂದರೆ ಸಣ್ಣ ತೋಟೆಯ ರೈಫಲ್.

ಅದೇ ಸದಸ್ಯ: .22 ಅಂದರೆ ಮಕ್ಕಳ ಕೋವಿ ಅಲ್ವಾ ಸರ್? ಸ್ವಲ್ಪ ಗಂಡಸುತನ ಬೇಡವಾ? 😄

ಉತ್ತರ: ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹಾರಿಸುವುದು ಇದೇ .22 ಲಾಂಗ್ ರೈಫಲ್ ತೋಟೆ. ಅಲ್ಲಿ ಹತ್ತರ ವೃತ್ತದ ಅಗಲ 10.4 ಮಿಲಿಮೀಟರ್. ನಿಮ್ಮ ಕಿರುಬೆರಳಿನ ಉಗುರಿಗಿಂತ ಅಂಥ ದೊಡ್ಡದೇನಲ್ಲ. ಮೊದಲು ಅಲ್ಲಿ ಒಂದು ಹಾಕಿ ತೋರಿಸಿ, ಗಂಡಸುತನದ ಮಾತು ಆಮೇಲೆ ಆಡೋಣ.

9 ಎಂಎಂ ಗುಂಡು ಏಳೂವರೆ ಎಂಟು ಗ್ರಾಂ. .22 ಗುಂಡು 2.6 ಗ್ರಾಂ. ಒದೆತ ಏಕೆ ಇಲ್ಲ ಎಂದು ಬೇರೆ ಹೇಳಬೇಕಿಲ್ಲ. ಒದೆತ ಇಲ್ಲದಿದ್ದರೆ ಕಣ್ಣು ಮುಚ್ಚುವುದಿಲ್ಲ, ಟ್ರಿಗರ್ ಕಿತ್ತು ಎಳೆಯುವುದಿಲ್ಲ. ತಪ್ಪಾದಾಗ ತಪ್ಪು ನಿಮ್ಮದೇ ಎಂದು ಕಾಗದದ ಮೇಲೆ ಕಾಣುತ್ತದೆ. 12 ಬೋರ್ ಹಿಡಿದು ಬೆಳೆದ ನಮ್ಮ ಹುಡುಗರಲ್ಲಿ ಮುಕ್ಕಾಲು ಪಾಲು ಜನ ಗುಂಡು ಸಿಡಿಯುವ ಮೊದಲೇ ಭುಜ ಮುಂದೆ ದೂಡುತ್ತಾರೆ. ನಾನು ಗೊತ್ತಾಗದ ಹಾಗೆ ಖಾಲಿ ತೋಟೆ ಹಾಕಿ ಕೊಟ್ಟಾಗ ನಳಿಗೆ ಕೆಳಗೆ ಬಗ್ಗುವುದನ್ನು ನೋಡಿದರೆ ಅವರಿಗೇ ನಗು ಬರುತ್ತದೆ.

ಯಾವುದು ತಗೊಳ್ಳುವುದು? ಬೋಲ್ಟ್ ಆಕ್ಷನ್ ತಗೊಳ್ಳಿ, ಪ್ರತಿ ಸಲ ಕೈಯಿಂದ ಬೋಲ್ಟ್ ಎಳೆದು ತೋಟೆ ತುಂಬುವ ಥರದ್ದು. ಹಳೆಯ ಜೆಕ್ ಬ್ರನೋ ಸಿಕ್ಕಿದರೆ ಬಿಡಬೇಡಿ. ಕೊಡಗಿನ ಎಸ್ಟೇಟ್ ಮನೆಗಳಲ್ಲಿ ಈಗಲೂ ಇವೆ, ನಳಿಗೆ ಚೆನ್ನಾಗಿದ್ದರೆ ನಮ್ಮ ನಿಮ್ಮ ಕಾಲಕ್ಕೂ ಸಾಕು. ಹಳೆಯ ಬಿಎಸ್‌ಎ ಕೂಡ ಒಳ್ಳೆಯದೇ. ನಮ್ಮ ಇಶಾಪುರ ಕಾರ್ಖಾನೆಯ .22 ಕೆಲಸ ಮಾಡುತ್ತದೆ, ಆದರೆ ಟ್ರಿಗರ್ ಒಂದೊಂದು ಒಂದೊಂದು ಥರ. ಅಂಗಡಿಯಲ್ಲೇ ಖಾಲಿ ಕೋವಿ ಹಿಡಿದು ನೋಡಿ ಆರಿಸಿ. ಅಲ್ಲೇ ಇರುವ .315 ರೈಫಲ್ ಮೇಲೆ ಕಣ್ಣು ಹಾಕಬೇಡಿ. ಅದು ಲೀ ಎನ್‌ಫೀಲ್ಡ್ ವಂಶದ್ದು, ನಿಮ್ಮ ಭುಜದ ಕಥೆ ಮತ್ತೆ ಶುರುವಾಗುತ್ತದೆ.

ಕೋವಿಗಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ್ದು ಎರಡು ವಿಷಯಕ್ಕೆ. ಒಂದು, ಹಿಡಿಯ (ಭುಜಕ್ಕೆ ಒರಗುವ ಮರದ ಭಾಗ) ಅಳತೆ. ಕಣ್ಣು ಮುಚ್ಚಿ ಕೋವಿ ಭುಜಕ್ಕೆ ಏರಿಸಿ, ಕಣ್ಣು ತೆರೆಯಿರಿ. ಗುರಿಗಣ್ಣು ನೇರ ಸಿಗಬೇಕು. ಕತ್ತು ಹುಡುಕಾಡಿದರೆ ಆ ಹಿಡಿ ನಿಮ್ಮದಲ್ಲ. ಬ್ರನೋ ಹಿಡಿಗಳು ಗುರಿಮುಳ್ಳಿಗೆ ಮಾಡಿದವು, ಮೇಲೆ ದೂರದರ್ಶಕ ಕೂರಿಸಿದರೆ ಕೆನ್ನೆ ಗಾಳಿಯಲ್ಲಿ ತೇಲುತ್ತದೆ. ಕೆನ್ನೆಪಟ್ಟಿ ಕಟ್ಟಬೇಕು. ನಾನು ಹಳೆಯ ಸೈಕಲ್ ಟ್ಯೂಬು ಸುತ್ತಿ, ಮೇಲೆ ಚರ್ಮ ಹೊಲಿಸಿದ್ದೇನೆ. ನೋಡಲು ಚೆಂದವಿಲ್ಲ.

ಎರಡನೆಯದು ತೋಟೆ. .22 ಕೋವಿಗೆ ನಾಲಗೆ ರುಚಿ ಜಾಸ್ತಿ. ಒಂದೇ ಕಂಪನಿ, ಒಂದೇ ಡಬ್ಬಿಯ ಬಣ್ಣ, ಲಾಟ್ ನಂಬರ್ (ಒಮ್ಮೆಗೆ ತಯಾರಾದ ಕಂತಿನ ಸಂಖ್ಯೆ) ಬದಲಾದರೆ ಗುಂಡು ಬೀಳುವ ಗುಂಪು ಚದುರುತ್ತದೆ. ಮೂರ್ನಾಲ್ಕು ಬಗೆ ತಂದು, ಮರಳು ಚೀಲದ ಮೇಲೆ ಇಟ್ಟು, ಪ್ರತಿಯೊಂದರಲ್ಲೂ ಐದೈದು ಗುಂಡಿನ ಗುಂಪು ಹಾಕಿ ನೋಡಿ. ಐವತ್ತು ಮೀಟರಿನಲ್ಲಿ ಐದೂ ಒಂದು ರೂಪಾಯಿ ನಾಣ್ಯದ ಅಡಿ ಮುಚ್ಚಿದರೆ ಅದೇ ತೋಟೆ, ಅದೇ ಲಾಟ್ ಜಾಸ್ತಿ ತಗೊಂಡುಬಿಡಿ. ಡಬ್ಬಿ ಮೇಲೆ 'ಹೈ ವೆಲಾಸಿಟಿ' ಎಂದು ಇದ್ದರೆ ಖುಷಿ ಪಡಬೇಡಿ. ಅವು ಶಬ್ದದ ವೇಗಕ್ಕಿಂತ ಜೋರಾಗಿ ಹೊರಟು, ದಾರಿಯಲ್ಲಿ ಆ ಗೆರೆ ದಾಟಿ ಇಳಿಯುವಾಗ ಅಲುಗಾಡುತ್ತವೆ. ಗುರಿಗೆ ಸಾಧಾರಣ ವೇಗದ್ದೇ ವಾಸಿ.

ಪ್ರಶ್ನೆ (ಕುಶಾಲನಗರದ ಶಿಕ್ಷಕರು): ನಾನು ಹಾಸನದವನು. ಇಲ್ಲಿಗೆ ಬಂದು 11 ವರ್ಷ ಆಯಿತು. ಕೊಡಗಿನಲ್ಲಿ ಇರುವುದರಿಂದ ನನಗೂ ವಿನಾಯಿತಿ ಸಿಗುತ್ತದೆಯೇ?

ಉತ್ತರ: ಇಲ್ಲ ಸರ್. ವಾಸಕ್ಕೆ ಅಲ್ಲ, ಕೊಡವ ಆಗಿರುವುದಕ್ಕೆ ಅಥವಾ ಜಮ್ಮಾ ಜಮೀನಿಗೆ ಆ ವಿನಾಯಿತಿ. ನೀವು ಎಲ್ಲರಂತೆ ಡಿಸಿ ಕಚೇರಿಗೆ ಅರ್ಜಿ ಹಾಕಬೇಕು. ಪೊಲೀಸ್ ವಿಚಾರಣೆ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಎಲ್ಲ ಆಗಬೇಕು. ಅಲ್ಲಿಯವರೆಗೆ .177 ಏರ್ ರೈಫಲ್ ತಗೊಳ್ಳಿ. 20 ಜೂಲ್ ದಾಟದಿದ್ದರೆ ಅದಕ್ಕೆ ಲೈಸೆನ್ಸ್ ಬೇಡ. ಹತ್ತು ಮೀಟರ್ ಕಾಗದದ ಗುರಿಗೆ ಒಂದು ವರ್ಷ ಹೊಡೆದವರು .22 ಹಿಡಿದರೆ ಒಂದೇ ವಾರದಲ್ಲಿ ನಮ್ಮವರನ್ನು ನಾಚಿಸುತ್ತಾರೆ. ತಮಾಷೆ ಅಲ್ಲ, ನೋಡಿದ್ದೇನೆ.

ಪ್ರಶ್ನೆ (ನಾಪೋಕ್ಲು ಕಡೆಯ ಸದಸ್ಯೆ): ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆ) ಮುತ್ತಜ್ಜನ ಕಾಲದ ಒಂದು ವಿಂಚೆಸ್ಟರ್ ಇದೆ. ಕೆಳಗೆ ಲಿವರ್ ಎಳೆಯುವ ಥರದ್ದು. ನಳಿಗೆ ಮೇಲೆ 44 ಎಂದು ಬರೆದಿದೆ. ನೀವು ಹೇಳುವ ಪಿಸ್ತೂಲು ಗುಂಡಿನ ರೈಫಲ್ ಇದೇನಾ? ಹಾರಿಸಬಹುದಾ?

ಉತ್ತರ: ಅಕ್ಕಾ, ನೀವು ಹೇಳಿದ್ದು ಕೇಳಿ ನಾನು ಟೀ ಲೋಟ ಕೆಳಗಿಟ್ಟೆ. ಪಿಸ್ತೂಲು ಗುಂಡಿನ ರೈಫಲ್‌ಗಳ ಅಜ್ಜನೇ ಅದು. 1873ರಲ್ಲಿ ವಿಂಚೆಸ್ಟರ್ ಕಂಪನಿ .44-40 ತೋಟೆಗೆ ರೈಫಲ್ ಮಾಡಿತು. ಆಮೇಲೆ ಕೋಲ್ಟ್ ಕಂಪನಿ ಅದೇ ತೋಟೆಗೆ ರಿವಾಲ್ವರ್ ಮಾಡಿತು. ಕುದುರೆ ಮೇಲೆ ಹೋಗುವವನಿಗೆ ಸೊಂಟಪಟ್ಟಿಯಲ್ಲಿ ಒಂದೇ ಬಗೆಯ ತೋಟೆ ಇದ್ದರೆ ಸಾಕಾಯಿತು. ಈಗಿನವರು 9 ಎಂಎಂ ಕಾರ್ಬೈನ್‌ಗೆ ಹೇಳುವ ಕಾರಣವೂ ಇದೇ ತಾನೇ.

ಆದರೆ ಹಾರಿಸಬೇಡಿ, ಈಗಲೇ ಬೇಡ. ಅದು 1873ರ ಮಾಡೆಲ್ಲೋ 1892ರದ್ದೋ ಮೊದಲು ಗೊತ್ತಾಗಬೇಕು. 1873ರದ್ದರ ಬೋಲ್ಟನ್ನು ಹಿಡಿಯುವುದು ಮೊಣಕೈಯಂತೆ ಮಡಚುವ ಒಂದು ಕೊಂಡಿ. ಹಳೆಯ ಕಾಲದ ಕಪ್ಪು ಮದ್ದಿಗೆ ಸರಿ, ಈಗಿನ ಜೋರು ಮದ್ದಿಗೆ ಅಲ್ಲ. 1892ರದ್ದು ಬ್ರೌನಿಂಗ್ ಮಾಡಿದ ವಿನ್ಯಾಸ, ನೇರ ಬೀಗ, ಗಟ್ಟಿ. ಯಾವುದೇ ಇದ್ದರೂ ನಮ್ಮ ಮಳೆಯಲ್ಲಿ ನೂರು ವರ್ಷ ಕಳೆದಿದೆ. ಕಪ್ಪು ಮದ್ದಿನ ಉಪ್ಪು ನಳಿಗೆ ಒಳಗೆ ಉಳಿದಿದ್ದರೆ ಗುಳಿ ಬಿದ್ದಿರುತ್ತದೆ. ಇದರ ತೋಟೆ ನಮ್ಮ ಕಡೆ ಅಂಗಡಿಯಲ್ಲಿ ನಾನು ಕಂಡದ್ದು ಯಾವಾಗಲೋ. ಹಳೆಯ ತೋಟೆ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಅದನ್ನಂತೂ ಕೋವಿಗೆ ಹಾಕಲೇಬೇಡಿ. ಕಾಗದಪತ್ರ ಯಾರ ಹೆಸರಿನಲ್ಲಿದೆ ನೋಡಿ. ಮುತ್ತಜ್ಜನ ಹೆಸರಿನಲ್ಲೇ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಕೈಲ್ ಪೊಳ್ದ್ ದಿನ ಕನ್ನಿಕೋಂಬರೆಯಲ್ಲಿ (ಪೂಜೆಯ ಕೋಣೆ) ಅದಕ್ಕೊಂದು ಹೂ ಇಡಿ. ಮಾರಬೇಡಿ.

ಪ್ರಶ್ನೆ (ಪೊನ್ನಂಪೇಟೆಯ ಸದಸ್ಯ): ತೋಟದಲ್ಲೇ ಒಂದು ಸಣ್ಣ ರೇಂಜ್ ಮಾಡಿಕೊಳ್ಳುವ ಆಸೆ. ಹಿಂದೆ ಬರೆ (ಎತ್ತರದ ಮಣ್ಣಿನ ದಿಬ್ಬ) ಇದೆ. ಸಾಕಲ್ವಾ?

ಉತ್ತರ: ಬರೆ ಇದ್ದರೆ ಸಾಲದು, ಯಾವ ಬರೆ ಎಂಬುದು ಮುಖ್ಯ.

ನನಗೆ ಆಗ 19 ವರ್ಷ. ಒಂದು ಗದ್ದೆಯಲ್ಲಿ ತೆಂಗಿನಕಾಯಿ ಸ್ಪರ್ಧೆ. ಬಿದಿರಿನ ಗಳಕ್ಕೆ ಕಾಯಿ ಕಟ್ಟಿದ್ದರು, ಹಿಂದೆ ಎತ್ತರದ ಬರೆ. ಎಲ್ಲ ಸರಿ. ಬರೆಯ ಮಣ್ಣಿನೊಳಗೆ ಒಂದು ಕಪ್ಪು ಕಲ್ಲು ಹೊರಗೆ ಇಣುಕಿತ್ತು, ಯಾರೂ ನೋಡಿರಲಿಲ್ಲ. ನನ್ನ .22 ಗುಂಡು ಕಾಯಿ ತಪ್ಪಿ ಅದಕ್ಕೆ ತಾಗಿತು. 'ವ್ಯೂಂ' ಎಂದು ಒಂದು ಸದ್ದು. ಎಡಗಡೆ ನಿಂತಿದ್ದ ಒಬ್ಬರ ತಲೆ ಮೇಲಿನ ಅಡಿಕೆ ಸೋಗೆ ಸೀಳಿತು. ಸೋಗೆ ಮಾತ್ರ. ಆ ಮೇಲೆ ನನಗೆ ಆ ದಿನ ಕೋವಿ ಹಿಡಿಯಲು ಕೈ ಬರಲಿಲ್ಲ.

ಸಣ್ಣ ಸೀಸದ ಗುಂಡೇ ಜಾಸ್ತಿ ಪುಟಿಯುವುದು. ಕಲ್ಲು, ಗಟ್ಟಿ ಮರ, ಕೆರೆಯ ನೀರು ಯಾವುದಕ್ಕಾದರೂ ತಾಗಿ ಪುಟಿಯುತ್ತದೆ. ತಪ್ಪಿ ಮೇಲೆ ಹೋದರೆ ಒಂದೂವರೆ ಕಿಲೋಮೀಟರ್ ದೂರದಲ್ಲಿ ಕಾಫಿ ಕೊಯ್ಯುತ್ತಿರುವವರಿಗೆ ಅದು ಮಕ್ಕಳ ಕೋವಿ ಅಲ್ಲ. ಬರೆಯ ಮುಖ ಎರಡು ಅಡಿ ಕೆತ್ತಿ, ಕಲ್ಲು ತೆಗೆದು, ಜರಡಿ ಹಿಡಿದ ಮಣ್ಣು ತುಂಬಿ. ಮುಂದೆ ಮರಳು ಚೀಲ ಜೋಡಿಸಿ. ಗುರಿ ಎದೆಯ ಎತ್ತರಕ್ಕಿಂತ ಕೆಳಗೇ ಇರಲಿ. ಹಿಂದೆ ಲೈನ್ ಮನೆ (ತೋಟದ ಕಾರ್ಮಿಕರ ಮನೆ), ಕಾಲುದಾರಿ, ಆನೆ ಬರುವ ದಾರಿ ಯಾವುದೂ ಇರಬಾರದು. ಶುರು ಮಾಡುವ ಮೊದಲು ಠಾಣೆಗೆ ಹೋಗಿ ಮಾತಾಡಿ, ಅವರು ಹೇಳುವುದನ್ನು ಬರಹದಲ್ಲಿ ಪಡೆಯಿರಿ. ಇಷ್ಟೆಲ್ಲ ತಾಪತ್ರಯ ಬೇಡ ಅನ್ನಿಸಿದರೆ ಕ್ಲಬ್ಬಿನ ರೇಂಜ್ ವಾಸಿ. ನನಗೆ ಕೇಳಿದರೆ ಅದೇ ವಾಸಿ.

ಕಿವಿಗೆ ಹತ್ತಿ ಅಲ್ಲ, ಸರಿಯಾದ ಕಿವಿಮುಚ್ಚುಕ ಹಾಕಿ. .22ಗೂ ಹಾಕಿ. ನನ್ನ ಎಡಗಿವಿಯಲ್ಲಿ ವರ್ಷವಿಡೀ ಜೀರುಂಡೆ ಕೂಗುತ್ತದೆ, ಮಳೆಗಾಲಕ್ಕೆ ಕಾಯುವುದೇ ಇಲ್ಲ.

ಪ್ರಶ್ನೆ (ಮಡಿಕೇರಿಯ ಸದಸ್ಯ): ಜೂನ್‌ನಿಂದ ಸೆಪ್ಟೆಂಬರ್ ತನಕ ತುಕ್ಕು ಹಿಡಿಯದ ಹಾಗೆ ಏನು ಮಾಡುವುದು?

ಉತ್ತರ: ಚರ್ಮದ ಚೀಲದಲ್ಲಿ ಇಡಬೇಡಿ, ಅದು ನೀರು ಕುಡಿಯುತ್ತದೆ. ಕಬ್ಬಿಣದ ಪೆಟ್ಟಿಗೆಯಲ್ಲಿ ಒಂದು ಸಣ್ಣ ಬಲ್ಬು ಉರಿಯಲಿ. ಹದಿನೈದು ದಿನಕ್ಕೊಮ್ಮೆ ಎಣ್ಣೆ ಬಟ್ಟೆ ಆಡಿಸಿ. ಹಾರಿಸುವ ಮೊದಲು ನಳಿಗೆಯ ಎಣ್ಣೆ ಒರೆಸಿ, ಮರೆತರೆ ಮೊದಲ ಗುಂಡು ಎಲ್ಲೋ ಹೋಗುತ್ತದೆ.

ಮೊದಲ ಸದಸ್ಯ: ಸರಿ ಸರ್, ಸೋತೆ. ನಮ್ಮ ಒಕ್ಕದ (ಒಂದೇ ಮನೆತನದ) ಹಿರಿಯರೊಬ್ಬರು ಬ್ರನೋ ಒಂದನ್ನು ಕೊಡುತ್ತೇನೆ ಎನ್ನುತ್ತಿದ್ದಾರೆ. ಮನೆಯವರೇ ಅಲ್ವಾ, ನೇರ ತಂದುಬಿಡಲಾ?

ಉತ್ತರ: ಬೇಡ. ಒಕ್ಕದವರಾದರೂ ಕೋವಿ ಕೈ ಬದಲಾಗುವ ಮೊದಲು ಬರಹದಲ್ಲಿ ತಿಳಿಸಬೇಕು, ಕಾನೂನು ಹೇಳಿದಷ್ಟು ದಿನ ಕಾಯಬೇಕು. ಡಿಸಿ ಕಚೇರಿಯಲ್ಲಿ ನಿಮ್ಮ ವಿನಾಯಿತಿ ಪತ್ರದ ಜೊತೆ ಹೋಗಿ ಕೇಳಿ. ಕೊಡಗಿನ ಗಡಿ ದಾಟಿ ಸ್ಪರ್ಧೆಗೆ ಒಯ್ಯುವ ಯೋಚನೆ ಇದ್ದರೆ ಅದರ ಮಿತಿಗಳನ್ನೂ ಅಲ್ಲೇ ಕೇಳಿಬಿಡಿ. ಅಷ್ಟರೊಳಗೆ ಒಂದು ಭಾನುವಾರ ಹಿರಿಯರನ್ನೇ, ಅವರ ಕೋವಿ ಸಮೇತ, ಕರೆದುಕೊಂಡು ಬನ್ನಿ. ನಳಿಗೆಯ ಬಾಯಿ ತಿಂದಿದೆಯೋ ಇಲ್ಲವೋ ದೀಪ ಹಾಕಿ ನೋಡುತ್ತೇನೆ. ಶುಚಿ ಮಾಡುವ ಸರಳನ್ನು ಬಾಯಿ ಕಡೆಯಿಂದ ಹಾಕಿ ಉಜ್ಜುವವರ ಕೋವಿ ಅಲ್ಲಿಯೇ ಮೊದಲು ಕೆಡುವುದು. ಎರಡು ಲಾಟಿನ ತೋಟೆ ತನ್ನಿ. ಮಧ್ಯಾಹ್ನದ ಊಟ ನಮ್ಮಲ್ಲೇ.