ಗ್ಲೈಕಾನ್‌ಗೆ ಬರೀ ‘ಸಕ್ಕರೆ’ ಅಂದರೆ ಸಾಕೇ? ಮರೆವಿನ ಕಾಯಿಲೆಯ ಪರೀಕ್ಷೆಗೆ ಬೇಕಾದ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಮರೆವಿನ ಕಾಯಿಲೆಯನ್ನು ಪತ್ತೆಹಚ್ಚುವ ಪರೀಕ್ಷೆಗಳ ಬಗ್ಗೆ ಸಾಮಾನ್ಯ ಓದುಗರಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಲಹೆ ಬೇಕು, ಅದರಲ್ಲೂ ‘ಗ್ಲೈಕಾನ್’ಗೆ.

ನಮ್ಮ ದೇಹದ ಬಹಳಷ್ಟು ಪ್ರೋಟೀನುಗಳಿಗೆ ಸಕ್ಕರೆ ಅಣುಗಳ ಚಿಕ್ಕ ಚಿಕ್ಕ ಸರಗಳು ಸೇರಿಕೊಂಡಿರುತ್ತವೆ. ಇವೇ ಗ್ಲೈಕಾನ್‌ಗಳು. ಕೊಬ್ಬಿನ ಅಣುಗಳ ಮೇಲೂ ಇರುತ್ತವೆ. ಎ ಗುಂಪಿನ ರಕ್ತಕ್ಕೂ ಬಿ ಗುಂಪಿನ ರಕ್ತಕ್ಕೂ ಇರುವ ವ್ಯತ್ಯಾಸ ಇಂಥ ಸರದ ತುದಿಯಲ್ಲಿರುವ ಒಂದೇ ಒಂದು ಸಕ್ಕರೆಯದು. ಮರೆವಿನ ಕಾಯಿಲೆಗಳಲ್ಲಿ ಒಂದಾದ ಆಲ್‌ಝೈಮರ್‌ನಲ್ಲಿ, ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ಬೆನ್ನುಹುರಿ ದ್ರವದಲ್ಲಿ ಟೌ ಎಂಬ ಪ್ರೋಟೀನ್ ಏರುತ್ತದೆ, ಅಮಿಲಾಯ್ಡ್ ಬೀಟಾ 42 ಎಂಬ ಪ್ರೋಟೀನ್ ತುಣುಕು ಇಳಿಯುತ್ತದೆ. ಇದು ಹಳೆಯ ವಿಷಯ. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯವರು ಟೌ ಜೊತೆಗೆ ಒಂದು ಬಗೆಯ ಗ್ಲೈಕಾನ್ ಅನ್ನೂ ನೋಡುತ್ತಿದ್ದಾರೆ. ಮೊದಲು ಬೆನ್ನುಹುರಿ ದ್ರವದಲ್ಲಿ ನೋಡಿದರು. 2023ರಲ್ಲಿ ರಕ್ತದಲ್ಲಿ ನೋಡಿದ್ದನ್ನು ಪ್ರಕಟಿಸಿದರು. 233 ಜನರನ್ನು 17 ವರ್ಷದವರೆಗೆ ಗಮನಿಸಿದ ಅಧ್ಯಯನ ಅದು. ಈ ಗ್ಲೈಕಾನ್ ಮತ್ತು ಟೌ ಎರಡರ ಮಟ್ಟವೂ ಒಂದಕ್ಕೊಂದು ಸರಿಹೊಂದುತ್ತಿದ್ದವರಲ್ಲಿ ಆಲ್‌ಝೈಮರ್ ಬರುವ ಸಾಧ್ಯತೆ ಎರಡು ಪಟ್ಟಿಗಿಂತ ಜಾಸ್ತಿ ಇತ್ತು.

ಇದನ್ನು ಸುಮ್ನೆ ‘ಬೆನ್ನುಹುರಿ ದ್ರವದಲ್ಲಿನ ಸಕ್ಕರೆ’ ಎಂದು ಬರೆದರೆ ಓದುಗರು ದಾರಿ ತಪ್ಪುತ್ತಾರೆ ಅಂತ ನನ್ನ ಆತಂಕ. ಆ ದ್ರವದ ಮಾಮೂಲಿ ರಿಪೋರ್ಟಿನಲ್ಲೇ ಸಕ್ಕರೆಗೆ ಒಂದು ಸಾಲು ಇದೆಯಲ್ಲ. ಅಲ್ಲಿ ಸಕ್ಕರೆ ಅಂದರೆ ಗ್ಲೂಕೋಸ್. ಅದು ಸಾಮಾನ್ಯವಾಗಿ ರಕ್ತದಲ್ಲಿ ಇರುವುದರ ಮೂರರಲ್ಲಿ ಎರಡು ಭಾಗದಷ್ಟು ಇರುತ್ತದೆ. ಬ್ಯಾಕ್ಟೀರಿಯಾದಿಂದ ಮೆದುಳುಜ್ವರ ಬಂದರೆ ಇಳಿಯುತ್ತದೆ, ಟಿಬಿಯಿಂದ ಬಂದರೂ ಇಳಿಯುತ್ತದೆ. ಗ್ಲೈಕಾನ್ ಕಥೆಯೇ ಬೇರೆ. ಇನ್ನು ಸಕ್ಕರೆ ಕಾಯಿಲೆ ಇರುವವರಿಗೆ ಮರೆವಿನ ಕಾಯಿಲೆಯ ಅಪಾಯ ಹೆಚ್ಚು ಅನ್ನುವುದೂ ನಿಜ. ಹಾಗಾಗಿ ಗೊಂದಲ ಇನ್ನೂ ಗಟ್ಟಿಯಾಗುತ್ತದೆ. ಕಾಫಿಗೆ ಸಕ್ಕರೆ ಬಿಟ್ಟರೆ ಈ ಗ್ಲೈಕಾನ್ ಇಳಿಯುತ್ತದೆ ಎಂದು ಯಾರೂ ಅಂದುಕೊಳ್ಳಬಾರದು.

‘ಸಕ್ಕರೆ ಸರ’ ಎನ್ನಬಹುದೇ? ಕಿವಿಗೆ ಹಿತವಾಗಿದೆ. ಆದರೆ ಇವುಗಳಲ್ಲಿ ಬಹಳಷ್ಟು ನೆಟ್ಟಗಿನ ಸರಗಳಲ್ಲ, ಮರದ ಹಾಗೆ ಕವಲೊಡೆಯುತ್ತವೆ. ‘ಶರ್ಕರ’ ಹಾಕಿದರೆ ಪಠ್ಯಪುಸ್ತಕದ ‘ಶರ್ಕರಪಿಷ್ಟ’ ನೆನಪಾಗಿ ಊಟದ ಕಡೆಗೆ ಮನಸ್ಸು ಹೋಗುತ್ತದೆ. ಸದ್ಯಕ್ಕೆ ‘ಗ್ಲೈಕಾನ್ ಎಂಬ ಸಕ್ಕರೆ ಸರ’ ಎಂದು ಒಮ್ಮೆ ಹೇಳಿ, ಮುಂದೆ ಗ್ಲೈಕಾನ್ ಎಂದೇ ಬರೆಯುವುದು ನನಗೆ ಸರಿ ಕಾಣುತ್ತಿದೆ.

ಇದಕ್ಕಿಂತ ತೊಡಕಿನದು ಕ್ರಿಯಾಪದ. ಗ್ಲೈಕೇಶನ್, ಗ್ಲೈಕೋಸೈಲೇಶನ್ ಎರಡಕ್ಕೂ ‘ಸಕ್ಕರೆ ಅಂಟಿಕೊಳ್ಳುವುದು’ ಎಂದು ಬರೆದುಬಿಡುತ್ತೇವೆ, ಅಲ್ವಾ? ಇವು ಬೇರೆ ಬೇರೆ. ರಕ್ತದಲ್ಲಿ ಗ್ಲೂಕೋಸ್ ಹೆಚ್ಚಾಗಿದ್ದಷ್ಟೂ ಅದು ತಾನಾಗಿ ಹಿಮೋಗ್ಲೋಬಿನ್‌ಗೆ ಅಂಟುತ್ತದೆ. ಸಕ್ಕರೆ ಕಾಯಿಲೆಗೆ ಮಾಡುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಇದನ್ನೇ, ಇದು ಗ್ಲೈಕೇಶನ್. ಗ್ಲೈಕೋಸೈಲೇಶನ್‌ನಲ್ಲಿ ತಾನಾಗಿ ಏನೂ ಅಂಟುವುದಿಲ್ಲ. ಜೀವಕೋಶದೊಳಗೆ ಕಿಣ್ವಗಳು ಗೊತ್ತಾದ ಜಾಗಕ್ಕೆ ಗೊತ್ತಾದ ಸಕ್ಕರೆಯನ್ನು ಸೇರಿಸುತ್ತವೆ. ಕೆಲವು ಲ್ಯಾಬ್ ರಿಪೋರ್ಟುಗಳು ಎಚ್‌ಬಿಎ1ಸಿಗೆ ಈಗಲೂ ‘ಗ್ಲೈಕೋಸಿಲೇಟೆಡ್’ ಎಂದೇ ಮುದ್ರಿಸುತ್ತವೆ. ಇಂಗ್ಲಿಷಿನಲ್ಲೇ ಕಲಸಿಹೋಗಿರುವುದನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ನಮಗೆ ಒಳ್ಳೆಯ ಪದಗಳಿವೆ. ಮೊದಲನೆಯದಕ್ಕೆ ‘ಅಂಟುವುದು’, ಎರಡನೆಯದಕ್ಕೆ ‘ಪೋಣಿಸುವುದು’ ಎಂದರೆ ಹೇಗೆ? ಪೋಣಿಸಲು ಒಂದು ಕೈ ಬೇಕು, ಅಂಟಲು ಬೇಕಿಲ್ಲ. ಈ ವ್ಯತ್ಯಾಸ ವಿವರಣೆಯಿಲ್ಲದೆ ತಲುಪುತ್ತದೆ ಅಂತ ನನಗೆ ಅನಿಸುತ್ತದೆ.

ಸ್ವೀಡನ್ನಿನವರು ನೋಡಿದ ಗ್ಲೈಕಾನ್‌ಗೆ ‘ಬೈಸೆಕ್ಟಿಂಗ್’ ಎಂಬ ವಿಶೇಷಣ ಇದೆ. ನಿಘಂಟು ನೋಡಿ ‘ಇಬ್ಭಾಗಿಸುವ’ ಎಂದರೆ ತಪ್ಪಾಗುತ್ತದೆ, ಇಲ್ಲಿ ಏನನ್ನೂ ಕತ್ತರಿಸುವುದಿಲ್ಲ. ಎರಡು ಕವಲುಗಳ ನಡುವೆ ಎನ್-ಅಸಿಟೈಲ್‌ಗ್ಲುಕೋಸಮೀನ್ ಎಂಬ ಇನ್ನೊಂದು ಸಕ್ಕರೆ ಬಂದು ಕೂರುತ್ತದೆ, ಅಷ್ಟೇ. ‘ನಡುಗವಲಿನ ಸಕ್ಕರೆ’ ಎಂದು ಬರೆದುಕೊಂಡಿದ್ದೇನೆ. ಇದಕ್ಕಿಂತ ಚೆನ್ನಾದದ್ದು ಇದ್ದರೆ ಹೇಳಿ.

‘ನ್ಯೂರೋಡಿಜೆನರೇಟಿವ್’ ಕಾಯಿಲೆಗೆ ‘ನರಕ್ಷಯ ರೋಗ’ ಎನ್ನುವುದು ನನಗೆ ಒಗ್ಗುತ್ತಿಲ್ಲ. ‘ನರ’ ಅಂದರೆ ರಕ್ತನಾಳವೆಂದೇ ತಿಳಿಯುವವರು ಬಹಳ ಜನ. ‘ನರದೌರ್ಬಲ್ಯ’ದ ಜಾಹೀರಾತುಗಳು ಬೇರೆ ಆ ಪದವನ್ನು ಕೆಡಿಸಿವೆ. ‘ಮಂಡಿ ಸವೆದಿದೆ’ ಅನ್ನುತ್ತೇವಲ್ಲ, ಹಾಗೆ ‘ಮಿದುಳು ಸವೆಯುವ ಕಾಯಿಲೆ’ ಎಂದರೆ ಆಲ್‌ಝೈಮರ್, ಪಾರ್ಕಿನ್ಸನ್ ಎರಡಕ್ಕೂ ಹೊಂದುತ್ತದೆ.

ಕಾಯಿಲೆ ಇರಬಹುದೆಂದು ತೋರಿಸುವ ‘ಮಾರ್ಕರ್’ಗೆ ‘ಸೂಚಕ’ ಇದೆ, ನಾನು ‘ಸುಳಿವು’ ಬಳಸುತ್ತಿದ್ದೇನೆ. ಯಾಕೆಂದರೆ ಒಂದು ಗ್ಲೈಕಾನ್ ಏರಿದ ಮಾತ್ರಕ್ಕೆ ಕಾಯಿಲೆ ಇದೆ ಎಂದಾಗುವುದಿಲ್ಲ.

ಕೊನೆಯದಾಗಿ ಆ ದ್ರವದ ಹೆಸರು. ಪುಸ್ತಕಗಳಲ್ಲಿ ಮಿದುಳುಬಳ್ಳಿ ದ್ರವ, ಮಸ್ತಿಷ್ಕಮೇರು ದ್ರವ. ಆಸ್ಪತ್ರೆಯಲ್ಲಿ ‘ಬೆನ್ನಿಂದ ನೀರು ತೆಗೀತಾರೆ’ ಎನ್ನುತ್ತಾರೆ. ದ್ರವ ಹುಟ್ಟುವುದು ಮಿದುಳಿನೊಳಗೆ. ಬೆನ್ನು ಅದನ್ನು ತೆಗೆಯಲು ಸುಲಭದ ಜಾಗ ಮಾತ್ರ. ವಯಸ್ಕರಲ್ಲಿ ಒಟ್ಟು ಸುಮಾರು 150 ಮಿಲಿಲೀಟರ್ ಇರುತ್ತದೆ, ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ತಯಾರಾಗುತ್ತದೆ. ‘ನೀರು ತೆಗೆದರೆ ಬೆನ್ನು ಒಣಗುತ್ತದೆ’ ಎಂದು ಹೆದರುವವರಿಗಾಗಿ ಈ ಲೆಕ್ಕವನ್ನು ಲೇಖನದಲ್ಲಿ ಹಾಕುತ್ತಿದ್ದೇನೆ. ಉತ್ತರ ಕರ್ನಾಟಕ ಮತ್ತು ಕರಾವಳಿ ಕಡೆ ಈ ಪರೀಕ್ಷೆಗೆ ಜನ ಏನನ್ನುತ್ತಾರೆ? ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ಕಿವಿಗೆ ಬಿದ್ದ ಮಾತನ್ನು ಹಾಗೆಯೇ ಬರೆದು ತಿಳಿಸಿದರೆ ತುಂಬಾ ಉಪಕಾರವಾಗುತ್ತದೆ.