ಗ್ರಹಣಕ್ಕೆ ಮೊದಲು ಪಲ್ಸಿಗೆ ಬಾಲ ಬರುವುದು ಎಂತಕ್ಕೆ?

ಪ್ರಶ್ನೆ (ಎಂಎಸ್ಸಿ ಭೌತಶಾಸ್ತ್ರ ವಿದ್ಯಾರ್ಥಿನಿ, ಉಡುಪಿ):
ಸರ್, ನಮಸ್ಕಾರ. ಪ್ರಾಜೆಕ್ಟಿಗೆ ಜೊತೆಗಾರ ನಕ್ಷತ್ರ ಇರುವ ಒಂದು ಪಲ್ಸಾರಿನ (ವೇಗವಾಗಿ ತಿರುಗ್ತಾ ರೇಡಿಯೊ ಮಿಡಿತ, ಅಂದರೆ ಪಲ್ಸ್, ಕಳಿಸುವ ನಕ್ಷತ್ರ) ಡೇಟಾವನ್ನು, ಜಿಎಂಆರ್‌ಟಿ ರೇಡಿಯೊ ದೂರದರ್ಶಕದ್ದು, ನೋಡ್ತಾ ಇದ್ದೇನೆ. ಗ್ರಹಣ ಹತ್ತಿರ ಬಂದ ಹಾಗೆ 400 ಮೆಗಾಹರ್ಟ್ಸ್‌ನಲ್ಲಿ ಪಲ್ಸ್ ಅಗಲವಾಗಿ, ಹಿಂದೆ ಬಾಲ ಬೆಳೆದು, ಕಡೆಗೆ ಕಾಣುವುದೇ ಇಲ್ಲ. 650ರಲ್ಲಿ ಇನ್ನೂ ಸ್ವಲ್ಪ ಹೊತ್ತು ಉಂಟು. ಜೊತೆಗಾರ ನಕ್ಷತ್ರ ಅಡ್ಡ ಬಂದದ್ದಾದರೆ ಎರಡರಲ್ಲೂ ಒಟ್ಟಿಗೆ ಮರೆಯಾಗಬೇಕಿತ್ತಲ್ವಾ? ಇದನ್ನು ಚದುರುವಿಕೆ ಅಂತ ಬರೆಯಬಹುದಾ?

ಉತ್ತರ (ರೇಡಿಯೊ ಖಗೋಳವಿಜ್ಞಾನಿ, ಊರು ಕಾಪು):
ನೀವು ಅನುಮಾನಪಟ್ಟದ್ದು ಸರಿ. ಮರೆ ಮಾಡುವುದು ಆ ನಕ್ಷತ್ರದಿಂದ ಎದ್ದು ಬಂದ ಅನಿಲ. 1988ರಲ್ಲಿ ಪತ್ತೆಯಾದ ಬಿ1957+20 ಎಂಬ ಪಲ್ಸಾರ್ ನೋಡಿ: 9.2 ಗಂಟೆಯ ಸುತ್ತಿನಲ್ಲಿ ಸುಮಾರು ಶೇ. 10ರಷ್ಟು ಹೊತ್ತು ಗ್ರಹಣ. ಅಷ್ಟು ಅಗಲಕ್ಕೆ ಅಲ್ಲಿನ ಪುಟ್ಟ ಜೊತೆಗಾರನ ಗಾತ್ರ ಸಾಲದು. ಪಲ್ಸಾರಿನ ಕಾವಿಗೆ ಅದರ ಮೈ ಆವಿಯಾಗಿ ಹೋಗ್ತಾ ಉಂಟು.

ಚದುರುವಿಕೆಯನ್ನು ನಾನು ಅರ್ಥಮಾಡಿಕೊಂಡದ್ದು ಚೆಂಡೆಯಿಂದ. ಆಚೆ ಊರಿನ ಬಯಲಾಟದ ಚೆಂಡೆ ರಾತ್ರಿ ಮನೆಗೆ ಕೇಳುವಾಗ, ಗುಡ್ಡಕ್ಕೆ ಬಡಿದ ಸದ್ದು ಸುತ್ತು ದಾರಿಯಲ್ಲಿ ತಡವಾಗಿ ಬರ್ತದೆ. ಪೆಟ್ಟು ಬಿರುಸಾದರೆ ಒಂದರ ಬಾಲ ಮುಂದಿನದಕ್ಕೆ ಕೂಡಿಕೊಳ್ತದೆ. ಸದ್ದು ಉಂಟು, ತಾಳ ಸಿಗುವುದಿಲ್ಲ. ಕೆಲವೇ ಮಿಲಿಸೆಕೆಂಡಿಗೊಮ್ಮೆ ಮಿಡಿಯುವ ಮಿಲಿಸೆಕೆಂಡ್ ಪಲ್ಸಾರಿನದ್ದೂ ಅದೇ ಕಥೆ: ಅನಿಲದಲ್ಲಿ ಚದುರಿದ ರೇಡಿಯೊ ಅಲೆ ಸುತ್ತು ದಾರಿಯಲ್ಲಿ ತಡವಾಗಿ ಬರ್ತದೆ.

ಆದರೆ ಈಗಲೇ ಬರೆಯಬೇಡಿ. ನನ್ನ ಮೊದಲ ವರ್ಷದಲ್ಲಿ ಇಲ್ಲೇ ಜಾರಿದ್ದೆ, ಮೂರು ವಾರದ ಕೆಲಸ ಹೋಯಿತು. ಗ್ರಹಣದ ಅಂಚಿನಲ್ಲಿ ಎಲೆಕ್ಟ್ರಾನ್ ಹೆಚ್ಚಿ ಡಿಎಂ (ದಾರಿಯಲ್ಲಿರುವ ಎಲೆಕ್ಟ್ರಾನ್‌ಗಳ ಒಟ್ಟು ಲೆಕ್ಕ; ಅದು ಹೆಚ್ಚಿದಷ್ಟೂ ಕಡಿಮೆ ಆವೃತ್ತಿಯ ಅಲೆ ತಡವಾಗ್ತದೆ) ಬದಲಾಗ್ತದೆ. ಹಳೇ ಡಿಎಂನಲ್ಲೇ ಫೋಲ್ಡ್ ಮಾಡಿದರೂ (ಪಲ್ಸ್‌ಗಳನ್ನು ಒಂದರ ಮೇಲೊಂದು ಕೂಡಿಸಿದರೂ) ಪಲ್ಸ್ ಅಗಲವಾಗಿಯೇ ಕಾಣುವುದು. ಬ್ಯಾಂಡನ್ನು, ಅಂದರೆ ಆವೃತ್ತಿಯ ಹರವನ್ನು, ಸಣ್ಣ ಸಬ್‌ಬ್ಯಾಂಡ್‌ಗಳಾಗಿ ಒಡೆದು, ಕಿರು ಅವಧಿಗಳಲ್ಲಿ ನೋಡಿ. ಪ್ರತಿಯೊಂದರಲ್ಲೂ ಪಲ್ಸ್ ಚೂಪಾಗಿದ್ದು ಬರೀ ಹಿಂದೆ ಸರಿದಿದ್ದರೆ ಅದು ಡಿಎಂ. ಆ ತಡ ಆವೃತ್ತಿಯ ವರ್ಗಕ್ಕೆ ವಿಲೋಮ, ಚದುರುವಿಕೆಯ ಬಾಲ ಹೆಚ್ಚುಕಡಿಮೆ ನಾಲ್ಕನೇ ಘಾತಕ್ಕೆ. ಅಂದರೆ 650ರಲ್ಲಿ ಇರುವ ಬಾಲ 400ರಲ್ಲಿ ಸುಮಾರು 7 ಪಟ್ಟು ಆಗಬೇಕು. ಗ್ರಹಣದಿಂದ ದೂರದ ಪಲ್ಸಿನಲ್ಲೂ ಬಾಲ ಇದ್ದರೆ ಅದು ದಾರಿಯ ಅಂತರನಕ್ಷತ್ರ ಅನಿಲದ್ದು, ಅದನ್ನು ಕಳೆಯಿರಿ.

ಪ್ರಶ್ನೆ (ಅದೇ ವಿದ್ಯಾರ್ಥಿನಿ, ಎರಡು ದಿನದ ನಂತರ):
ಸರ್, ಸಬ್‌ಬ್ಯಾಂಡ್‌ಗಳಲ್ಲಿ ಪಲ್ಸ್ ಹೆಚ್ಚಿನಂಶ ಸರಿದದ್ದೇ. ಕಡೆಯ ಐದು ನಿಮಿಷದಲ್ಲಿ ಮಾತ್ರ ನಿಜವಾದ ಬಾಲ ಉಂಟು. ಗ್ರಹಣದ ನಡುವೆ ಎಂತ ಆಗ್ತದೆ ಅಂತ ತಿಳಿಯುವುದು ಹೇಗೆ? ಪಲ್ಸೇ ಇಲ್ಲ.

ಉತ್ತರ:
ಒಳ್ಳೆಯ ಕೆಲಸ ಮಾಡಿದ್ದೀರಿ. ಜಿಎಂಆರ್‌ಟಿ 30 ಡಿಶ್‌ಗಳ ಕೂಟ, ಹಾಗಾಗಿ ಅದೇ ಹೊತ್ತಿನ ಚಿತ್ರವನ್ನೂ ತೆಗೆಯಬಹುದು. ಗ್ರಹಣದ ನಿಮಿಷಗಳನ್ನಷ್ಟೇ ಆಯ್ದು ಚಿತ್ರ ಮಾಡಿ. ಚಿತ್ರದಲ್ಲಿ ಪಲ್ಸಾರಿನ ಬಿಂದು ಮೊದಲಿನಷ್ಟೇ ಪ್ರಕಾಶವಾಗಿದ್ದರೆ ಪಲ್ಸ್ ಕಲಸಿ ಹೋದದ್ದು, ಚದುರುವಿಕೆ ಸಾಕು. ಬಿಂದುವೂ ಆರಿದ್ದರೆ ಅಲೆಯನ್ನು ಯಾವುದೋ ಹೀರುತ್ತಿದೆ. ಆಗ ಜೊತೆಗಾರನ ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳ ಕಡೆಗೆ ನೋಡಬೇಕು. ಎರಡು ಆವೃತ್ತಿಯದ್ದೂ ಬೇರೆ ಬೇರೆ ಮಾಡಿ, ಚಿತ್ರ ಇಲ್ಲೇ ಹಾಕಿ, ಒಟ್ಟಿಗೆ ನೋಡುವ.